ಅಲನ್ ಟ್ಯೂರಿಂಗ್: ಎಲ್ಲಿ ನಿಲ್ಲಿಸಿದೆವೆಂದು ಬರೆದಿಡಲು ಹೇಳಿದವರು

ಈ ವರ್ಷದ ಕಂಪ್ಯೂಟರ್ ಸೈನ್ಸ್ ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡ ಕೆಲಸ ಕೇಳಿ ನಮ್ಮ ಕಾಮರ್ಸ್ ಸೆಕ್ಷನ್‌ನಲ್ಲಿ ನಕ್ಕವರೇ ಹೆಚ್ಚು. ಬೇರೆಯವರು ಮೆಡಿಕಲ್ ಶಾಪ್ ಬಿಲ್ಲಿಂಗ್, ಲೈಬ್ರರಿ ಲೆಕ್ಕ ಎಂದು ದೊಡ್ಡ ದೊಡ್ಡದನ್ನು ಹಿಡಿದರು. ನಾನು ಒಂದು ಟೆಕ್ಸ್ಟ್ ಫೈಲನ್ನು ಟರ್ಮಿನಲ್‌ನ ಕಪ್ಪು ಪರದೆಯ ಮೇಲೆ ತೋರಿಸುವ ಪ್ರೋಗ್ರಾಂ ಬರೆಯಲು ಹೊರಟೆ. ಕೆಳಬಾಣ ಒತ್ತಿದರೆ ಒಂದು ಸಾಲು ಕೆಳಗೆ, ಮೇಲ್ಬಾಣ ಒತ್ತಿದರೆ ಒಂದು ಸಾಲು ಮೇಲೆ, ಅಷ್ಟೇ. ಲಿನಕ್ಸ್‌ನಲ್ಲಿ ಲೆಸ್ ಎಂಬ ಪ್ರೋಗ್ರಾಂ ಇದೇ ಕೆಲಸ ಮಾಡುತ್ತದೆ. ಅದನ್ನು ನೋಡಿ ಇದು ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡಿದ್ದೆ.

ಕೆಳಗೆ ಹೋಗುವುದು ನಿಜವಾಗಿಯೂ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಮೇಲೆ ಬರುವುದು ಮೂರು ವಾರ ತಿಂದಿತು.

ಕಾರಣ ಹೇಳುತ್ತೇನೆ. ನಮಗೆ ಫೈಲ್ ಎಂದರೆ ಸಾಲುಗಳು. ಕಂಪ್ಯೂಟರ್‌ಗೆ ಅದು ಒಂದರ ಹಿಂದೆ ಒಂದು ಬೈಟ್ ಪೋಣಿಸಿದ ಉದ್ದನೆಯ ದಾರ. ಸಾಲು ಮುಗಿಯಿತು ಎನ್ನುವುದಕ್ಕೂ ಆ ದಾರದಲ್ಲಿ ಒಂದು ಬೈಟ್ ಇರುತ್ತದೆ. ಮುಂದೆ ಹೋಗುವಾಗ ಆ ಬೈಟ್ ಸಿಗುವವರೆಗೆ ಓದಿದರೆ ಆಯಿತು. ಹಿಂದೆ ಬರುವಾಗ ಹಿಂದಿನ ಸಾಲು ಎಲ್ಲಿ ಶುರುವಾಗಿತ್ತು ಎಂದು ಯಾರೂ ಹೇಳುವುದಿಲ್ಲ. ಉದ್ದನೆಯ ಸಾಲಾದರೆ ಅದು ಪರದೆಯಲ್ಲಿ ಮಡಚಿಕೊಂಡು ಮೂರು ನಾಲ್ಕು ಸಾಲಾಗುತ್ತದೆ. ಎಲ್ಲಿ ಮಡಚಿತು ಎಂಬುದು ಫೈಲಿನಲ್ಲಿ ಎಲ್ಲೂ ಬರೆದಿರುವುದಿಲ್ಲ.

ನಾನು ಮೊದಲು ಪರದೆಯ ಸಾಲುಗಳನ್ನು ಎಣಿಸಿದೆ. 57ನೇ ಸಾಲಿನಲ್ಲಿದ್ದೇನೆ ಎಂದು ನೆನಪಿಟ್ಟುಕೊಂಡರೆ, ಕಿಟಕಿಯ ಅಗಲ ಬದಲಾಯಿಸಿದ ಕೂಡಲೇ 57ನೇ ಸಾಲು ಬೇರೆಯೇ ಆಗಿಬಿಡುತ್ತಿತ್ತು. ಆಮೇಲೆ ಅಂದಾಜಿನಲ್ಲಿ 80 ಬೈಟ್ ಹಿಂದಕ್ಕೆ ಹಾರಿಸಿದೆ. ಇಂಗ್ಲಿಷ್ ಫೈಲಿನಲ್ಲಿ ಹೇಗೋ ನಡೆಯಿತು. ಕನ್ನಡದ ಫೈಲಿನಲ್ಲಿ ಪರದೆಯ ತುಂಬ ಪ್ರಶ್ನಾರ್ಥಕ ಚಿಹ್ನೆ. ಯುಟಿಎಫ್-8ರಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಉರ್ದು ಅಕ್ಷರಕ್ಕೆ 2, ಕನ್ನಡದ ಕ ಬರೆಯಲು 3, ಅದಕ್ಕೆ ಗುಡಿಸು ಸೇರಿಸಿ ಕಿ ಮಾಡಿದರೆ 6. ನಾನು ಹಾರಿ ಬಿದ್ದದ್ದು ಅಕ್ಷರದ ಹೊಟ್ಟೆಯೊಳಗೆ.

ನಮ್ಮ ಸರ್ ನೋಡಿ ಹೇಳಿದ್ದು ಒಂದೇ ಮಾತು. ಪರದೆಯಲ್ಲಿ 24 ಸಾಲಿದ್ದರೆ ಪಕ್ಕದಲ್ಲಿ 24 ಸಂಖ್ಯೆಗಳ ಪಟ್ಟಿ ಇಡು, ಪ್ರತಿ ಸಾಲೂ ಫೈಲಿನ ಎಷ್ಟನೇ ಬೈಟ್‌ನಿಂದ ಶುರುವಾಯಿತು ಎಂದು ಬರೆ, ಅಂದಾಜಿನಲ್ಲಿ ನಡೆಯಬೇಡ ಎಂದರು. ಪೈಥಾನ್‌ನಲ್ಲಿ ಫೈಲನ್ನು ಬೈನರಿ ಮೋಡ್‌ನಲ್ಲಿ ತೆರೆದರೆ ಟೆಲ್ ಎಂಬ ಫಂಕ್ಷನ್ ಈಗ ಎಲ್ಲಿದ್ದೇವೆ ಎಂದು ಹೇಳುತ್ತದೆ, ಸೀಕ್ ಹೇಳಿದ ಜಾಗಕ್ಕೆ ಕರೆದೊಯ್ಯುತ್ತದೆ. ಪಟ್ಟಿಗಿಂತಲೂ ಮೇಲಕ್ಕೆ ಹೋಗಬೇಕಾದರೆ ಸಾಲು ಮುಗಿಸುವ ಬೈಟ್ ಸಿಗುವವರೆಗೆ ಹಿಂದಕ್ಕೆ ಹುಡುಕಿ, ಅಲ್ಲಿಂದ ಮತ್ತೆ ಮಡಚುತ್ತಾ ಬರಬೇಕು. ಬೇರೆ ದಾರಿ ಇಲ್ಲ. ಇಷ್ಟು ಹೇಳಿ, ಅಲನ್ ಟ್ಯೂರಿಂಗ್ ಯಾರೆಂದು ಗೊತ್ತೇ ಎಂದು ಕೇಳಿದರು. ಕಂಪ್ಯೂಟರ್ ಕಂಡುಹಿಡಿದವರು ಎಂದು ಕ್ವಿಜ್ ಉತ್ತರ ಹೇಳಿದೆ. ಸರ್ ನಕ್ಕು, ಓದಿಕೊಂಡು ಬಾ ಎಂದರು. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಆದರೆ ಅವರ ಮನೆತನದ ಅರ್ಧ ಕಥೆ ನಮ್ಮ ಕಡೆಯದು. ತಂದೆ ಜೂಲಿಯಸ್ ಅವರು ಐಸಿಎಸ್ ಅಧಿಕಾರಿ, ಮದ್ರಾಸ್ ಪ್ರಾಂತ್ಯದಲ್ಲಿ ನೌಕರಿ. ತಾಯಿ ಸಾರಾ ಅವರು ಹುಟ್ಟಿದ್ದು ಕೊಯಮತ್ತೂರಿನ ಪಕ್ಕದ ಪೊದನೂರಿನಲ್ಲಿ. ತಾಯಿಯ ತಂದೆ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್. ಮಗು ಇಂಗ್ಲೆಂಡಿನಲ್ಲೇ ಬೆಳೆಯಲಿ ಎಂದು ತಂದೆ ತಾಯಿ ಅಲನ್‌ರನ್ನೂ ಅಣ್ಣ ಜಾನ್‌ರನ್ನೂ ಹೇಸ್ಟಿಂಗ್ಸ್ ಹತ್ತಿರದ ಊರಿನಲ್ಲಿ ಒಬ್ಬ ನಿವೃತ್ತ ಕರ್ನಲ್ ಮನೆಯಲ್ಲಿ ಬಿಟ್ಟು ಇಲ್ಲಿಗೆ ಮರಳಿದರು. ನಮ್ಮ ಓಣಿಯಲ್ಲೂ ಅಬ್ಬಾ ಸೌದಿಯಲ್ಲಿ, ಮಕ್ಕಳು ನಾನಿ ಮನೆಯಲ್ಲಿ ಎನ್ನುವ ಮನೆಗಳಿವೆ. ಆದ್ದರಿಂದ ಈ ಭಾಗ ನನಗೆ ಹೊಸದಾಗಿ ಕಾಣಲಿಲ್ಲ.

1926ರಲ್ಲಿ ಶೆರ್ಬೋರ್ನ್ ಎಂಬ ಊರಿನ ಶಾಲೆಗೆ ಸೇರಿದರು. ಶಾಲೆ ಶುರುವಾಗುವ ದಿನ ಇಂಗ್ಲೆಂಡಿನಲ್ಲಿ ದೊಡ್ಡ ಮುಷ್ಕರ, ರೈಲು ಇಲ್ಲ. ಹದಿಮೂರು ವರ್ಷದ ಹುಡುಗ ಸೌತಾಂಪ್ಟನ್ ಬಂದರಿನಿಂದ ಸೈಕಲ್ ಹತ್ತಿ, ದಾರಿಯಲ್ಲಿ ಒಂದು ರಾತ್ರಿ ತಂಗಿ, ಸುಮಾರು 60 ಮೈಲಿ ತುಳಿದು ಶಾಲೆ ಸೇರಿದರು. ಅಲ್ಲಿ ಕ್ರಿಸ್ಟೋಫರ್ ಮಾರ್ಕಮ್ ಎಂಬ ಗೆಳೆಯ ಸಿಕ್ಕರು. ಗಣಿತ, ನಕ್ಷತ್ರ ಎಂದು ಇಬ್ಬರಿಗೂ ಒಂದೇ ಹುಚ್ಚು. 1930ರ ಫೆಬ್ರವರಿಯಲ್ಲಿ ಮಾರ್ಕಮ್ ಕ್ಷಯದಿಂದ ತೀರಿಕೊಂಡರು. ಟ್ಯೂರಿಂಗ್ ಆ ಗೆಳೆಯನ ತಾಯಿಗೆ ಎಷ್ಟೋ ವರ್ಷ ಪತ್ರ ಬರೆಯುತ್ತಿದ್ದರು.

ಮುಂದೆ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜು. 1935ರಲ್ಲಿ, 22 ವರ್ಷಕ್ಕೇ ಅಲ್ಲಿ ಫೆಲೋ ಆದರು. ಆ ವರ್ಷ ಮ್ಯಾಕ್ಸ್ ನ್ಯೂಮನ್ ಎಂಬ ಪ್ರಾಧ್ಯಾಪಕರ ಪಾಠದಲ್ಲಿ ಜರ್ಮನಿಯ ಹಿಲ್ಬರ್ಟ್ ಕೇಳಿದ್ದ ಪ್ರಶ್ನೆ ಕಿವಿಗೆ ಬಿತ್ತು. ಗಣಿತದ ಯಾವುದೇ ಹೇಳಿಕೆ ಕೊಟ್ಟರೂ ಅದನ್ನು ಸಾಧಿಸಲು ಸಾಧ್ಯವೇ ಇಲ್ಲವೇ ಎಂದು ತಲೆ ಓಡಿಸದೆ, ಬರೀ ನಿಯಮ ಅನುಸರಿಸಿ ಹೇಳುವ ವಿಧಾನ ಇದೆಯೇ ಎಂಬುದು ಆ ಪ್ರಶ್ನೆ. ಉತ್ತರ ಹೇಳುವ ಮೊದಲು, ಬರೀ ನಿಯಮ ಅನುಸರಿಸುವುದು ಎಂದರೇನು ಎಂದು ಟ್ಯೂರಿಂಗ್ ಯೋಚಿಸಿದರು. ಈ ಯೋಚನೆಯಿಂದ ಹುಟ್ಟಿದ್ದೇ 1936ರ ಪ್ರಬಂಧ.

ಆಗ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಮಾಡುವ ಮನುಷ್ಯ. ಒಂದು ಲೆಕ್ಕದ ಗುಮಾಸ್ತ ಎನ್ನಿ. ಟ್ಯೂರಿಂಗ್ ಆ ಗುಮಾಸ್ತನನ್ನೇ ಎದುರಿಗೆ ಕೂರಿಸಿಕೊಂಡು ನೋಡಿದಂತೆ ಬರೆದಿದ್ದಾರೆ. ಕಾಗದ ಮಕ್ಕಳ ಲೆಕ್ಕದ ಪುಸ್ತಕದಂತೆ ಚೌಕ ಚೌಕವಾಗಿದೆ. ಕಣ್ಣಿಗೆ ಒಂದು ಸಲಕ್ಕೆ ಕೆಲವೇ ಚೌಕ ಕಾಣುತ್ತವೆ. ಬಹಳ ಉದ್ದದ ಎರಡು ಸಂಖ್ಯೆ ಕೊಟ್ಟರೆ ಒಂದೇ ನೋಟಕ್ಕೆ ಅವು ಒಂದೇ ಎಂದು ಹೇಳಲಾಗುವುದಿಲ್ಲ. ಒಂದೊಂದೇ ಅಂಕಿಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋಗಬೇಕು, ಇಲ್ಲವಾದರೆ ಎಣಿಸಿದ್ದನ್ನೇ ಮತ್ತೆ ಎಣಿಸುತ್ತೇವೆ. ಇದರಿಂದಲೇ ಅವರ ಯಂತ್ರ ಬಂತು. ಉದ್ದನೆಯ ಟೇಪು, ಅದರ ಮೇಲೆ ಚೌಕಗಳು, ಒಂದು ಹೊತ್ತಿಗೆ ಒಂದೇ ಚೌಕ ನೋಡುವ ಕಣ್ಣು. ಓದು, ಬರೆ ಅಥವಾ ಅಳಿಸು, ಒಂದು ಚೌಕ ಎಡಕ್ಕೋ ಬಲಕ್ಕೋ ಸರಿ. ಟೇಪಿನಲ್ಲಿ ಒಂದು ಬಿಟ್ಟು ಒಂದು ಚೌಕವನ್ನು ಉತ್ತರಕ್ಕೆ ಕೊಡದೆ, ಅಳಿಸಬಹುದಾದ ಗುರುತುಗಳಿಗೆಂದೇ ಮೀಸಲಿಟ್ಟರು. ಅರ್ಧ ಟೇಪು ಬರೀ ಗುರುತಿಗೆ! ನನ್ನ 24 ಸಂಖ್ಯೆಗಳ ಪಟ್ಟಿ ದಂಡ ಎಂದುಕೊಂಡಿದ್ದ ನನಗೆ ಇದನ್ನು ಓದಿ ಸಮಾಧಾನವಾಯಿತು.

ಆ ಪ್ರಬಂಧದಲ್ಲಿ ನನಗೆ ಬಹಳ ಹಿಡಿಸಿದ್ದು ಇನ್ನೊಂದು ಜಾಗ. ಆ ಗುಮಾಸ್ತ ಯಾವಾಗ ಬೇಕಾದರೂ ಕೆಲಸ ನಿಲ್ಲಿಸಿ ಎದ್ದು ಹೋಗಬಹುದು, ಪೂರ್ತಿ ಮರೆತೂ ಬಿಡಬಹುದು ಎನ್ನುತ್ತಾರೆ ಟ್ಯೂರಿಂಗ್. ಆದರೆ ಹೋಗುವ ಮುನ್ನ, ಕೆಲಸ ಮುಂದುವರಿಸುವುದು ಹೇಗೆ ಎಂದು ಒಂದು ಚೀಟಿ ಬರೆದಿಡಬೇಕು. ಚೀಟಿ ಸರಿಯಾಗಿದ್ದರೆ ಮನುಷ್ಯನ ನೆನಪೇ ಬೇಕಿಲ್ಲ.

ನಾವು ಕಾಮರ್ಸ್‌ನವರು ಇದನ್ನು ಮೊದಲ ತಿಂಗಳಲ್ಲೇ ಕಲಿಯುತ್ತೇವೆ, ಗಮನಿಸುವುದಿಲ್ಲ ಅಷ್ಟೇ. ಜರ್ನಲ್‌ನಲ್ಲಿ ಎಲ್.ಎಫ್. ಎಂಬ ಸಣ್ಣ ಕಾಲಂ ಇದೆಯಲ್ಲ, ಪರೀಕ್ಷೆಯಲ್ಲಿ ನಾವೆಲ್ಲ ಖಾಲಿ ಬಿಡುವುದು? ಅಲ್ಲಿ ಬರೆಯಬೇಕಾದ್ದು ಆ ಮೊತ್ತ ಲೆಡ್ಜರ್‌ನ ಯಾವ ಪುಟಕ್ಕೆ ಹೋಯಿತು ಎಂದು. ಲೆಡ್ಜರ್‌ನಲ್ಲಿ ತಿರುಗಿ ಜರ್ನಲ್‌ನ ಪುಟ ಬರೆಯುತ್ತೇವೆ. ನನ್ನ ಅಬ್ಬಾ ಅಂಗಡಿಯಲ್ಲಿ ಉದ್ರಿ ಪುಸ್ತಕದಿಂದ ದೊಡ್ಡ ಪುಸ್ತಕಕ್ಕೆ ಏರಿಸುವಾಗ ಗಿರಾಕಿ ಬಂದರೆ ಎದ್ದು ಹೋಗುತ್ತಾರೆ. ಮರಳಿ ಬಂದು ಪುಟದ ಸಂಖ್ಯೆ ಎಲ್ಲಿಯವರೆಗೆ ಬಿದ್ದಿದೆ ಎಂದು ನೋಡಿ ಅಲ್ಲಿಂದ ಮುಂದುವರಿಸುತ್ತಾರೆ. ಟ್ಯೂರಿಂಗ್ ಹೆಸರು ಅವರು ಕೇಳಿಲ್ಲ.

ಪ್ರಬಂಧದ ಉತ್ತರ ಮಾತ್ರ ಇಲ್ಲ ಎಂದೇ ಬಂತು. ಹಿಲ್ಬರ್ಟ್ ಕೇಳಿದ ವಿಧಾನ ಇರಲು ಸಾಧ್ಯವಿಲ್ಲ. ಅಮೆರಿಕದ ಅಲೋಂಜೊ ಚರ್ಚ್ ಅದಕ್ಕೂ ಸ್ವಲ್ಪ ಮೊದಲೇ ಬೇರೆ ದಾರಿಯಲ್ಲಿ ಇದನ್ನು ತೋರಿಸಿದ್ದರು. ಟ್ಯೂರಿಂಗ್ ಪ್ರಿನ್ಸ್‌ಟನ್‌ಗೆ ಹೋಗಿ ಅವರ ಕೈಕೆಳಗೇ 1938ರಲ್ಲಿ ಡಾಕ್ಟರೇಟ್ ಮುಗಿಸಿದರು. ಪ್ರಶ್ನೆ ಹಳತಾಯಿತು. ಅದಕ್ಕಾಗಿ ಕಟ್ಟಿದ ಯಂತ್ರ ಉಳಿಯಿತು. ಬೇರೆ ಯಾವುದೇ ಯಂತ್ರದ ನಿಯಮಗಳನ್ನು ಟೇಪಿನ ಮೇಲೆ ಬರೆದುಕೊಟ್ಟರೆ ಅದರಂತೆಯೇ ನಡೆಯುವ ಒಂದು ಯಂತ್ರ ಸಾಧ್ಯ ಎಂದೂ ಅದೇ ಪ್ರಬಂಧದಲ್ಲಿದೆ. ನಮ್ಮ ಲ್ಯಾಬ್‌ನ ಕಂಪ್ಯೂಟರ್‌ಗಳೆಲ್ಲ ಆ ಜಾತಿಯವೇ.

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದ ಮರುದಿನ ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್ ಸೇರಿದರು. ಜರ್ಮನ್ ಸೇನೆಯ ಎನಿಗ್ಮಾ ಸಂಕೇತ ಒಡೆಯುವ ಕೆಲಸ ಅಲ್ಲಿ. ಈ ಎನಿಗ್ಮಾದ ಗುಟ್ಟಿನಲ್ಲಿ ದೊಡ್ಡ ಪಾಲು ಸ್ಥಾನದ ಗುಟ್ಟೇ. ಒಂದು ಕೀಲಿ ಒತ್ತಿದರೆ ಒಳಗಿನ ಚಕ್ರ ಒಂದು ಹಲ್ಲು ಮುಂದೆ ಸರಿಯುತ್ತದೆ, ಆದ್ದರಿಂದ ಅದೇ ಅಕ್ಷರ ಮತ್ತೆ ಒತ್ತಿದರೆ ಬೇರೆ ಅಕ್ಷರ ಬರುತ್ತದೆ. ಮೂರು ಚಕ್ರ, ಒಂದೊಂದಕ್ಕೆ 26 ಸ್ಥಾನ, ಒಟ್ಟು 17,576 ಆರಂಭದ ಸ್ಥಾನಗಳು. ಇದರ ಮೇಲೆ ಯಾವ ಚಕ್ರ, ಯಾವ ಕ್ರಮ, ಮುಂಭಾಗದ ತಂತಿಗಳ ಜೋಡಣೆ ಬೇರೆ. ಎರಡೂ ಕಡೆಯವರು ಒಂದೇ ಸ್ಥಾನದಿಂದ ಶುರು ಮಾಡಿದರೆ ಸಂದೇಶ, ಇಲ್ಲವಾದರೆ ಕಸ. ನನ್ನ ಪರದೆಯ ಪ್ರಶ್ನಾರ್ಥಕ ಚಿಹ್ನೆಗಳ ಹಾಗೆ.

ಪೋಲೆಂಡಿನ ಗಣಿತಜ್ಞರು ಎನಿಗ್ಮಾವನ್ನು ಮೊದಲೇ ಒಡೆದು, 1939ರ ಜುಲೈನಲ್ಲಿ ತಮ್ಮ ಗುಟ್ಟನ್ನು ಬ್ರಿಟಿಷರಿಗೆ ಕೊಟ್ಟಿದ್ದರು. ಸಿನಿಮಾ ನೋಡಿದವರಿಗೆ ಇದು ತಿಳಿಯುವುದಿಲ್ಲ. ಟ್ಯೂರಿಂಗ್ ಅದರ ಮೇಲೆ ಬಾಂಬ್ ಎಂಬ ಹುಡುಕುವ ಯಂತ್ರದ ಹೊಸ ವಿನ್ಯಾಸ ಮಾಡಿದರು. ಮೊದಲನೆಯದು 1940ರ ಮಾರ್ಚ್‌ನಲ್ಲಿ ಬಂತು. ಜರ್ಮನ್ ನೌಕಾಪಡೆಯ ಸಂದೇಶಗಳಿಗಾಗಿ ಇನ್ನೊಂದು ವಿಧಾನವನ್ನೂ ಹುಡುಕಿದರು. ಬ್ಯಾನ್‌ಬರಿ ಎಂಬ ಊರಿನಲ್ಲಿ ಅಚ್ಚಾದ ಉದ್ದುದ್ದ ಹಾಳೆಗಳಲ್ಲಿ ಪ್ರತಿ ಸಂದೇಶದ ಅಕ್ಷರಗಳನ್ನು ರಂಧ್ರಗಳಾಗಿ ತೂತು ಮಾಡಿ, ಒಂದರ ಮೇಲೆ ಒಂದು ಇಟ್ಟು, ಒಂದೊಂದೇ ಸ್ಥಾನ ಸರಿಸುತ್ತಾ ಹೋಗುವುದು. ಎರಡು ಹಾಳೆಯ ತೂತುಗಳು ಆಕಸ್ಮಿಕಕ್ಕಿಂತ ಹೆಚ್ಚು ಸಲ ಹೊಂದಿದರೆ, ಒಂದು ಸಂದೇಶ ಇನ್ನೊಂದಕ್ಕಿಂತ ಎಷ್ಟು ಸ್ಥಾನ ಮುಂದೆ ಶುರುವಾಗಿದೆ ಎಂದು ತಿಳಿಯುತ್ತದೆ. ಅಲ್ಲಿ ಕೆಲಸ ಮಾಡಿದವರಲ್ಲಿ ಗಣಿತ ಓದಿದ ಜೋನ್ ಕ್ಲಾರ್ಕ್ ಒಬ್ಬರು. 1941ರಲ್ಲಿ ಇಬ್ಬರಿಗೂ ನಿಶ್ಚಿತಾರ್ಥವಾಯಿತು, ಅದೇ ವರ್ಷ ಮುರಿಯಿತು. ಸ್ನೇಹ ಉಳಿಯಿತು.

ಟ್ಯೂರಿಂಗ್ ಸೈಕಲ್ಲಿನ ಕಥೆಯೊಂದನ್ನು ಅವರ ಜೊತೆಯವರು ಹೇಳುತ್ತಾ ಬಂದಿದ್ದಾರೆ. ಅದರ ಚೈನು ಪದೇ ಪದೇ ಕಳಚುತ್ತಿತ್ತಂತೆ. ರಿಪೇರಿಗೆ ಕೊಡದೆ ಅವರು ಎಷ್ಟು ಸುತ್ತಿಗೆ ಕಳಚುತ್ತದೆ ಎಂದು ಎಣಿಸಿ, ಆ ಸುತ್ತು ಬರುವ ಮೊದಲೇ ಇಳಿದು ಸರಿಪಡಿಸಿಕೊಳ್ಳುತ್ತಿದ್ದರಂತೆ. ನಮ್ಮ ಸೈಕಲ್ ಶಾಪ್‌ನವರು ಕೇಳಿದರೆ ಬೈಯುತ್ತಿದ್ದರು.

ಇಷ್ಟೆಲ್ಲ ಸ್ಥಾನ ಹುಡುಕಿದವರು ತಮ್ಮದೇ ಬೆಳ್ಳಿ ಕಳೆದುಕೊಂಡರು ಎಂಬುದು ನಿಜ. 1940ರಲ್ಲಿ ಜರ್ಮನರು ಇಂಗ್ಲೆಂಡಿಗೆ ನುಗ್ಗಬಹುದು, ಬ್ಯಾಂಕಿನ ಹಣಕ್ಕೆ ಬೆಲೆ ಇರದು ಎಂದು ಭಾವಿಸಿ ಸುಮಾರು 250 ಪೌಂಡ್ ಬೆಲೆಯ ಬೆಳ್ಳಿ ಗಟ್ಟಿಗಳನ್ನು ಕೊಂಡು, ಬ್ಲೆಚ್ಲಿ ಬಳಿಯ ಕಾಡಿನಲ್ಲಿ ಹೂತಿಟ್ಟರು. ಜಾಗದ ವಿವರವನ್ನು ಸಂಕೇತ ಭಾಷೆಯಲ್ಲಿ ಬರೆದುಕೊಂಡರು. ಯುದ್ಧ ಮುಗಿದ ಮೇಲೆ ಗೆಳೆಯ ಡೊನಾಲ್ಡ್ ಮಿಚಿಯವರನ್ನು ಕರೆದುಕೊಂಡು, ಕೈಯಲ್ಲೇ ಮಾಡಿದ ಲೋಹ ಪತ್ತೆ ಯಂತ್ರ ಹಿಡಿದು ಹುಡುಕಿದರು. ಸಿಗಲಿಲ್ಲ. ಚೀಟಿ ಇದ್ದರೂ ಅದರಲ್ಲಿ ಹೇಳಿದ ನೆಲವೇ ಬದಲಾಗಿತ್ತು. ಆ ಬೆಳ್ಳಿ ಅವರ ಕೈಗೆ ಮತ್ತೆ ಬರಲೇ ಇಲ್ಲ.

ಇದನ್ನು ಓದಿದ ವಾರವೇ ನನ್ನ ಪ್ರೋಗ್ರಾಂನಲ್ಲೂ ಇದೇ ಆಯಿತು. ಓದು ನಿಲ್ಲಿಸಿದ ಬೈಟ್ ಸಂಖ್ಯೆಯನ್ನು ಉಳಿಸಿಟ್ಟು ಮನೆಗೆ ಹೋಗಿದ್ದೆ. ನನ್ನ ಗೆಳೆಯ ತಮಾಷೆಗೆ ಫೈಲಿನ ಮೇಲ್ತುದಿಯಲ್ಲಿ ತನ್ನ ಹೆಸರು ಸೇರಿಸಿಬಿಟ್ಟ. ಮರುದಿನ ನನ್ನ ಗುರುತುಗಳೆಲ್ಲ ಅಷ್ಟೇ ಬೈಟ್ ತಪ್ಪಿದವು. ಈಗ ಸಂಖ್ಯೆಯ ಜೊತೆಗೆ ಫೈಲಿನ ಗಾತ್ರವನ್ನೂ ಕೊನೆಗೆ ಬದಲಾದ ಸಮಯವನ್ನೂ ಬರೆದಿಡುತ್ತೇನೆ. ಅವು ಹೊಂದದಿದ್ದರೆ ಪಟ್ಟಿಯನ್ನು ನಂಬದೆ ಮೊದಲಿನಿಂದ ಎಣಿಸುವಂತೆ ಮಾಡಿದ್ದೇನೆ.

ಯುದ್ಧದ ನಂತರ ಟ್ಯೂರಿಂಗ್ ಲಂಡನ್ ಬಳಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಎಸಿಇ ಎಂಬ ಕಂಪ್ಯೂಟರಿನ ಪೂರ್ತಿ ಯೋಜನೆ ಬರೆದರು. 1946ರಲ್ಲಿ ಅದನ್ನು ಸಮಿತಿಯ ಮುಂದಿಟ್ಟರು. ದೊಡ್ಡ ಲೆಕ್ಕದ ನಡುವೆ ಸಣ್ಣ ಲೆಕ್ಕವೊಂದನ್ನು ಮಾಡಿ ಬರಬೇಕಾದರೆ, ದೊಡ್ಡದನ್ನು ಎಲ್ಲಿ ಬಿಟ್ಟೆವು ಎಂದು ಬರೆದಿಟ್ಟು ಹೋಗಬೇಕು, ಮುಗಿದ ಮೇಲೆ ಅದನ್ನು ನೋಡಿ ಮರಳಬೇಕು ಎಂದು ಅದರಲ್ಲಿದೆ. ಪೈಥಾನ್‌ನಲ್ಲಿ ನಾವು ಒಂದು ಫಂಕ್ಷನ್ ಕರೆದಾಗ ಒಳಗೆ ನಡೆಯುವುದು ಇದೇ. ಹೀಗೆ ಬರೆದಿಡುವುದಕ್ಕೆ ಅವರು ಕೊಟ್ಟ ಹೆಸರು ಹೂಳುವುದು, ಮತ್ತೆ ತೆಗೆಯುವುದಕ್ಕೆ ಅಗೆಯುವುದು. ಬೆಳ್ಳಿಯನ್ನು ನೆನೆದೇ ಆ ಪದ ಬಂತೋ ಎಂದು ನನಗೆ ನಗು ಬಂತು, ಇದು ನನ್ನ ಊಹೆ ಮಾತ್ರ. ಯಂತ್ರ ಕಟ್ಟುವುದು ತಡವಾಗುತ್ತಾ ಹೋಗಿ ಬೇಸತ್ತು 1948ರಲ್ಲಿ ಮ್ಯಾಂಚೆಸ್ಟರ್‌ಗೆ ಹೋದರು. ಈ ನಡುವೆ ಓಟ. 1947ರಲ್ಲಿ ಅವರು ಮ್ಯಾರಥಾನನ್ನು 2 ಗಂಟೆ 46 ನಿಮಿಷದಲ್ಲಿ ಓಡಿದ್ದಾರೆ. ಯಂತ್ರ ಯೋಚಿಸಬಲ್ಲದೇ ಎಂಬ ಹೆಸರಾಂತ ಪ್ರಬಂಧ 1950ರದು. 1951ರಲ್ಲಿ ರಾಯಲ್ ಸೊಸೈಟಿಯ ಫೆಲೋ.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯದು ಎಂದು ಕೆಲವರು ಸಲಹೆ ಕೊಟ್ಟರು. ಮುಂದಿನದು ನಮ್ಮಂಥ ಮನೆಗಳಲ್ಲಿ ಊಟದ ಹೊತ್ತಿಗೆ ಆಡುವ ಮಾತಲ್ಲ, ನಿಜ. ಎರಡು ದಿನ ನಾನೂ ತಡವರಿಸಿದೆ. ಆದರೆ ಫೈಲಿನ ಕೊನೆಯ ಭಾಗ ಕತ್ತರಿಸಿ ಇದೇ ಪೂರ್ತಿ ಫೈಲ್ ಎಂದು ತೋರಿಸಿದ ಹಾಗಾಗುತ್ತದೆ ಎಂದು ಅನಿಸಿತು. ಸಂಪಾದಕ ಮೇಡಂ ಓದಿ, ಇರಲಿ ಬಿಡು ಎಂದರು.

1952ರ ಜನವರಿಯಲ್ಲಿ ಟ್ಯೂರಿಂಗ್ ಮನೆಯಲ್ಲಿ ಕಳ್ಳತನವಾಯಿತು. ಅವರೇ ಪೊಲೀಸರಿಗೆ ದೂರು ಕೊಟ್ಟರು. ವಿಚಾರಣೆಯಲ್ಲಿ ಅವರಿಗೆ ಇನ್ನೊಬ್ಬ ಗಂಡಸಿನ ಜೊತೆ ಸಂಬಂಧವಿದೆ ಎಂಬುದು ಹೊರಬಂತು, ಅವರು ಮುಚ್ಚಿಡಲಿಲ್ಲ. 1885ರ ಕಾನೂನಿನಂತೆ ಅದು ಅಪರಾಧ. ದೂರು ಕೊಟ್ಟವರೇ ಆರೋಪಿಯಾದರು. ಮಾರ್ಚ್ 31ರಂದು ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದಿತು. ಜೈಲಿನ ಬದಲು ಒಂದು ವರ್ಷ ಹೆಣ್ಣು ಹಾರ್ಮೋನಿನ ಚಿಕಿತ್ಸೆಗೆ ಒಪ್ಪಿಕೊಳ್ಳಬೇಕಾಯಿತು. ಸರ್ಕಾರದ ಗುಪ್ತ ಕೆಲಸಕ್ಕೆ ಇದ್ದ ಅನುಮತಿ ಹೋಯಿತು. ಯುದ್ಧದಲ್ಲಿ ತಾನು ಮಾಡಿದ್ದೇನು ಎಂದು ಅವರು ನ್ಯಾಯಾಲಯದಲ್ಲಿ ಹೇಳುವಂತೆಯೂ ಇರಲಿಲ್ಲ, ಅದು ಗುಟ್ಟು. ಇಂಥದ್ದೇ ಕಾನೂನನ್ನು ಬ್ರಿಟಿಷರು 1860ರಲ್ಲಿ ನಮ್ಮ ದೇಶಕ್ಕೂ ತಂದಿದ್ದರು. ವಯಸ್ಕರ ಒಪ್ಪಿಗೆಯ ಸಂಬಂಧಕ್ಕೆ ಅದು ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ. ಈ ವಿಷಯದಲ್ಲಿ ನಮ್ಮ ನಮ್ಮ ನಂಬಿಕೆ ಏನೇ ಇರಲಿ, ಒಬ್ಬ ಮನುಷ್ಯನ ಮೈಗೆ ನ್ಯಾಯಾಲಯ ಔಷಧ ಹಾಕಿಸಿದ್ದು ನನಗೆ ಓದಲು ಆಗಲಿಲ್ಲ.

1954ರ ಜೂನ್ 7ರಂದು ಟ್ಯೂರಿಂಗ್ ಸಯನೈಡ್‌ನಿಂದ ತೀರಿಕೊಂಡರು. ವಯಸ್ಸು 41. ವಿಚಾರಣೆ ನಡೆಸಿದ ಅಧಿಕಾರಿ ಆತ್ಮಹತ್ಯೆ ಎಂದು ಬರೆದರು. 2009ರಲ್ಲಿ ಬ್ರಿಟನ್ನಿನ ಪ್ರಧಾನಿ ಕ್ಷಮೆ ಕೇಳಿದರು, 2013ರಲ್ಲಿ ರಾಣಿಯ ಕ್ಷಮಾದಾನ ಬಂತು, 2021ರ ಅವರ ಹುಟ್ಟುಹಬ್ಬದಂದು 50 ಪೌಂಡಿನ ನೋಟಿನ ಮೇಲೆ ಅವರ ಚಿತ್ರ ಬಂತು.

ಇದನ್ನೆಲ್ಲ ಬರೆದು ಮುಗಿಸಿದ ರಾತ್ರಿ ಅಮ್ಮಿಗೆ ಉರ್ದುವಿನಲ್ಲಿ ಹೇಳಿದೆ. ಪ್ರಕರಣದ ಭಾಗ ಬಂದಾಗ ಬೈಯಬಹುದು ಎಂದುಕೊಂಡಿದ್ದೆ. ಅಮ್ಮಿ ಕೇಳಿದ್ದು ಅವರ ತಾಯಿ ಆಗ ಬದುಕಿದ್ದರೇ ಎಂದು. ಬದುಕಿದ್ದರು. ಮಗ ಪ್ರಯೋಗ ಮಾಡುವಾಗ ಅಜಾಗರೂಕತೆಯಿಂದ ವಿಷ ಒಳಗೆ ಹೋಗಿರಬೇಕು ಎಂದೇ ಅವರು ನಂಬಿದ್ದರು. ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಕೂತು ಮಗನ ಜೀವನ ಚರಿತ್ರೆ ಬರೆದರು, 1959ರಲ್ಲಿ ಅಚ್ಚಾಯಿತು. ಎನಿಗ್ಮಾ ಒಡೆದದ್ದು ಲೋಕಕ್ಕೆ ತಿಳಿದದ್ದು 1974ರಲ್ಲಿ. ಆದ್ದರಿಂದ ತಾಯಿ ಬರೆದ ಆ ಪುಸ್ತಕದಲ್ಲಿ ಮಗನ ಯುದ್ಧದ ಕೆಲಸದ ಜಾಗ ಬಹುತೇಕ ಖಾಲಿ. ಇದನ್ನು ಕೇಳಿ ಅಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಊಟಕ್ಕೆ ಏಳು ಎಂದರು.